ಪೂರ್ವಗ್ರಹವನ್ನು ಅಳೆದ ಮೂವರು ವಿದುಷಿಯರು

ಹೊರನಾಡಿನಲ್ಲಿ ಬಾಳುವೆ ಕಟ್ಟಿಕೊಂಡ ನಮಗೆ ಪೂರ್ವಗ್ರಹವೆಂದರೇನೆಂದು ಯಾರೂ ಪಾಠ ಹೇಳಬೇಕಾಗಿಲ್ಲ. ನಾನು ಮುಂಬಯಿಗೆ ಬಂದ ಹೊಸದರಲ್ಲಿ ಬಾಡಿಗೆಯ ಕೋಣೆ ಹುಡುಕಿಕೊಂಡು ಹೋದಾಗ, ಉಡುಪಿಯವನೋ ಮೈಸೂರಿನವನೋ ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. 'ಮದ್ರಾಸಿ' ಎಂಬ ಒಂದೇ ಮಾತಿನಲ್ಲಿ ವಿಚಾರಣೆ ಮುಗಿಯುತ್ತಿತ್ತು. ಆ ಮಾತಿನ ಹಿಂದೆ ಯಾವಾಗಲೂ ದ್ವೇಷವಿತ್ತೆಂದು ಹೇಳಲಾರೆ. ಆದರೆ ನಮ್ಮನ್ನು ಕಾಣುವ ಮೊದಲೇ ನಮ್ಮ ವಿಷಯದ ತೀರ್ಮಾನ ಆಗಿಹೋಗಿರುತ್ತಿತ್ತು. ಪೂರ್ವಗ್ರಹವೆಂಬ ಪದದ ಅರ್ಥವೂ ಅದೇ ತಾನೆ?

ಈಚೆಗೆ ಹಳೆಯ ಕಾಗದಪತ್ರಗಳನ್ನು ಒಪ್ಪ ಮಾಡುತ್ತಿದ್ದಾಗ ಕನ್ನಡ ಸಂಘವೊಂದರ ಹಳೆಯ ಸ್ಮರಣ ಸಂಚಿಕೆ ಕೈಗೆ ಸಿಕ್ಕಿತು. ನಾಟಕದಲ್ಲಿ ಪಾತ್ರ ವಹಿಸಿದವರು, ಹಬ್ಬದ ಊಟದ ಏರ್ಪಾಟು ನೋಡಿಕೊಂಡವರು, ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಿದವರು ಎಲ್ಲರ ಪಟ್ಟಿಯೂ ಅದರಲ್ಲಿದೆ. ಗಂಡಸರಿಗೆಲ್ಲ ಅವರವರ ಹೆಸರು, ಇನಿಷಿಯಲ್ಲು ಸಹಿತ. ಹೆಂಗಸರು ಮಾತ್ರ 'ಶ್ರೀಮತಿ ರಾವ್', 'ಶ್ರೀಮತಿ ಶೆಟ್ಟಿ'. ವರ್ಷಗಟ್ಟಲೆ ಭಾನುವಾರದ ಕನ್ನಡ ತರಗತಿ ನಡೆಸಿದ ನನ್ನ ಅತ್ತಿಗೆಯವರನ್ನು ಆ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದು ಅಣ್ಣನ ಹೆಸರು. ಪಟ್ಟಿ ಬರೆದುಕೊಟ್ಟವನು ಬೇರೆ ಯಾರೂ ಅಲ್ಲ, ನಾನೇ.

'ಮದ್ರಾಸಿ' ಎಂದಾಗ ಚುಚ್ಚಿದ್ದು ಇಲ್ಲಿ ಏಕೆ ಚುಚ್ಚಲಿಲ್ಲ? ಈ ಪ್ರಶ್ನೆಯ ಬೆನ್ನು ಹಿಡಿದು ಪೂರ್ವಗ್ರಹವನ್ನು ಕುರಿತ ಶಾಸ್ತ್ರದ ಚರಿತ್ರೆಯನ್ನು ಓದತೊಡಗಿದೆ. ಅಲ್ಲಿ ಒಂದು ವಿಚಿತ್ರ ಕಂಡಿತು. ಈ ಶಾಸ್ತ್ರ ಮುಖ್ಯವಾಗಿ ರೂಪುಗೊಂಡದ್ದು ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ, ಅಮೆರಿಕದಲ್ಲಿ. ಅದರ ಮೂರು ಪ್ರಸಿದ್ಧ ಅಧ್ಯಯನಗಳಲ್ಲಿ ಒಬ್ಬೊಬ್ಬ ವಿದುಷಿಯ ದುಡಿಮೆಯಿದೆ. ಮೂವರೂ ಮನಶ್ಶಾಸ್ತ್ರಜ್ಞರ ಮಡದಿಯರು. ಒಂದು ಗುಂಪು ಇನ್ನೊಂದು ಗುಂಪನ್ನು ಏಕೆ ಕೀಳಾಗಿ ಕಾಣುತ್ತದೆಂದು ಲೋಕಕ್ಕೆ ತೋರಿಸಿಕೊಟ್ಟ ಈ ಮೂವರೂ, 'ಇಂಥವರ ಹೆಂಡತಿ' ಎಂಬ ಕಾರಣದಿಂದಲೋ, ಹೆಣ್ಣೆಂಬ ಕಾರಣದಿಂದಲೋ ಹಿಂದೆ ಉಳಿದರು.

ಮೊದಲನೆಯವರು ಎಲ್ಸೆ ಫ್ರೆಂಕೆಲ್-ಬ್ರುನ್ಸ್‌ವಿಕ್. 1908ರಲ್ಲಿ ಆಗಿನ ಆಸ್ಟ್ರಿಯಾ ಸಾಮ್ರಾಜ್ಯದ ಲೆಂಬರ್ಗ್ ಪಟ್ಟಣದಲ್ಲಿ ಯಹೂದಿ ಮನೆತನದಲ್ಲಿ ಹುಟ್ಟಿದರು. ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ 1930ರಲ್ಲಿ ಡಾಕ್ಟರೇಟು ಪಡೆದು ಅಲ್ಲಿಯೇ ಕಲಿಸುತ್ತಿದ್ದರು. 1938ರಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾವನ್ನು ನುಂಗಿದಾಗ ದೇಶಬಿಟ್ಟು ಅಮೆರಿಕ ಸೇರಿ, ಬರ್ಕ್‌ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಎಗೋನ್ ಬ್ರುನ್ಸ್‌ವಿಕ್ ಅವರನ್ನು ಮದುವೆಯಾದರು.

ಪೂರ್ವಗ್ರಹ ಮನುಷ್ಯನಲ್ಲಿ ಬೇರು ಬಿಡುವುದೆಲ್ಲಿ ಎಂಬುದು ಆಕೆಯ ಪ್ರಶ್ನೆ. 1950ರಲ್ಲಿ ಹೊರಬಂದ 'ದಿ ಅಥಾರಿಟೇರಿಯನ್ ಪರ್ಸನಾಲಿಟಿ' ಎಂಬ ಸುಮಾರು ಸಾವಿರ ಪುಟಗಳ ಗ್ರಂಥದಲ್ಲಿ, ಜನರನ್ನು ಎದುರಿಗೆ ಕೂರಿಸಿಕೊಂಡು ಪಡೆದ ಸಂದರ್ಶನಗಳ ವಿಶ್ಲೇಷಣೆ ಆಕೆಯದು. ಪರಜನಾಂಗದವರನ್ನು ಹೆಚ್ಚು ದ್ವೇಷಿಸುವವರು ತಮ್ಮ ತಂದೆತಾಯಿಯರನ್ನು ಬಾಯಿತುಂಬ ಹೊಗಳುತ್ತಿದ್ದರು. ಸ್ವಲ್ಪ ಕೆದಕಿದರೆ ಕಠಿಣ ಶಿಕ್ಷೆಯ, ಭಯದ ಬಾಲ್ಯ ಹೊರಬರುತ್ತಿತ್ತು. ಗಂಡೆಂದರೆ ಗಟ್ಟಿಗ, ಹೆಣ್ಣೆಂದರೆ ತಲೆಬಾಗಿ ನಡೆಯುವವಳು ಎಂಬ ವಿಭಜನೆಯೂ ಅವರಲ್ಲಿ ಬಿಗಿಯಾಗಿತ್ತು. ಮೇಲು ಕೀಳೆಂಬ ಪಾಠವನ್ನು ಮನೆಯ ಜಗಲಿಯಲ್ಲಿ ಕಲಿತವನು ಅದನ್ನೇ ಬೀದಿಗೂ ಒಯ್ಯುತ್ತಾನೆ ಎಂಬುದು ಇದರ ಸಾರಾಂಶ.

1949ರ ಲೇಖನವೊಂದರಲ್ಲಿ ಆಕೆ ಇನ್ನೊಂದು ಪರೀಕ್ಷೆಯನ್ನು ವಿವರಿಸಿದ್ದಾರೆ. ನಾಯಿಯ ಒಂದು ಚಿತ್ರ. ಮುಂದಿನ ಚಿತ್ರಗಳಲ್ಲಿ ಅದು ಸ್ವಲ್ಪಸ್ವಲ್ಪವಾಗಿ ಬೆಕ್ಕಾಗುತ್ತ ಹೋಗುತ್ತದೆ. ಪೂರ್ವಗ್ರಹ ಹೆಚ್ಚಾಗಿ ಉಳ್ಳವರು ಬಹಳ ಹೊತ್ತಿನವರೆಗೂ ಅದನ್ನು ನಾಯಿಯೆಂದೇ ಕರೆಯುತ್ತಿದ್ದರಂತೆ. ಮೊದಲು ಅಂಟಿಸಿದ ಹೆಸರನ್ನು ಕಿತ್ತು ಹಾಕುವುದು ಅವರಿಗೆ ಕಷ್ಟ.

ಈ ಗ್ರಂಥಕ್ಕೆ ಆಕ್ಷೇಪಣೆಗಳು ಬಾರದಿರಲಿಲ್ಲ. ಪ್ರಶ್ನಾವಳಿಯ ಹೇಳಿಕೆಗಳೆಲ್ಲ ಒಂದೇ ಧಾಟಿಯವಾದ್ದರಿಂದ ಎಲ್ಲಕ್ಕೂ 'ಹೌದು' ಎನ್ನುವ ಸ್ವಭಾವದವನೂ ಪೂರ್ವಗ್ರಹಿಯಾಗಿ ಕಾಣುತ್ತಾನೆಂದು 1954ರ ಹೊತ್ತಿಗೇ ವಿಮರ್ಶಕರು ತೋರಿಸಿದರು. ಆದರೂ ಕುಟುಂಬವನ್ನೂ ಗುಂಪಿನ ದ್ವೇಷವನ್ನೂ ಒಟ್ಟಿಗಿಟ್ಟು ನೋಡಿದ ದೊಡ್ಡ ಪ್ರಯತ್ನವೆಂಬ ಅದರ ಗೌರವ ಉಳಿದಿದೆ.

ಆಕೆಯ ಸ್ವಂತ ಗತಿಯೇನಾಯಿತು? ಗಂಡನಿರುವ ವಿಭಾಗದಲ್ಲಿ ಹೆಂಡತಿಗೆ ಹುದ್ದೆ ಕೊಡಕೂಡದೆಂಬ ನಿಯಮ ಆ ಕಾಲದ ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿತ್ತು. ಬಂಧುಗಳಿಗೆ ಪಕ್ಷಪಾತವಾಗದಿರಲೆಂದು ಮಾಡಿದ ನಿಯಮ. ಅದರ ಏಟು ಬೀಳುತ್ತಿದ್ದುದು ಮಾತ್ರ ಹೆಚ್ಚಾಗಿ ಹೆಂಡತಿಯ ಮೇಲೆ. ಎಲ್ಸೆ ಬರ್ಕ್‌ಲಿಯ ಶಿಶು ಕಲ್ಯಾಣ ಸಂಸ್ಥೆಯಲ್ಲಿ ಸಂಶೋಧಕಿಯಾಗಿಯೇ ದುಡಿದರು. ಎಗೋನ್ 1955ರಲ್ಲಿ ತೀರಿಕೊಂಡರು. 1958ರಲ್ಲಿ, ಐವತ್ತು ತುಂಬುವ ಮೊದಲೇ, ಆಕೆಯೂ ಹೋದರು. ನಾಲ್ವರು ಬರೆದ ಆ ಗ್ರಂಥ ಅಕ್ಷರಾನುಕ್ರಮದ ಮೊದಲ ಹೆಸರಿನಿಂದಾಗಿ ಇಂದಿಗೂ 'ಅಡಾರ್ನೊ ಅವರ ಗ್ರಂಥ'ವಾಗಿಯೇ ಪ್ರಸಿದ್ಧ.

ಎರಡನೆಯವರು ಮೇಮಿ ಫಿಪ್ಸ್ ಕ್ಲಾರ್ಕ್. 1917ರಲ್ಲಿ ಆರ್ಕನ್ಸಾ ಸಂಸ್ಥಾನದ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಕಪ್ಪುಜನಾಂಗದ ವೈದ್ಯರೊಬ್ಬರ ಮಗಳಾಗಿ ಹುಟ್ಟಿದರು. ಕಪ್ಪುಮಕ್ಕಳಿಗೂ ಬಿಳಿಮಕ್ಕಳಿಗೂ ಬೇರೆಬೇರೆ ಶಾಲೆಯಿದ್ದ ಸೀಮೆ ಅದು. ಹೊವರ್ಡ್ ವಿಶ್ವವಿದ್ಯಾಲಯದಲ್ಲಿ ಗಣಿತ ಓದಲು ಹೋದವರು, ಅಲ್ಲಿ ಪರಿಚಯವಾದ ಕೆನೆತ್ ಕ್ಲಾರ್ಕ್ ಅವರ ಮಾತಿನಿಂದ ಮನಶ್ಶಾಸ್ತ್ರಕ್ಕೆ ಹೊರಳಿದರು. 1937ರಲ್ಲಿ ಅವರಿಬ್ಬರ ಮದುವೆಯಾಯಿತು. ಚಿಕ್ಕ ಕಪ್ಪುಮಕ್ಕಳಿಗೆ ತಾವು ಯಾರೆಂಬ ಅರಿವು ಹೇಗೆ ಮೂಡುತ್ತದೆಂಬುದು ಮೇಮಿಯವರ ಎಂ.ಎ. ಪ್ರಬಂಧದ ವಿಷಯ. ಮುಂದೆ ಲೋಕಪ್ರಸಿದ್ಧವಾದ ಬೊಂಬೆ ಪರೀಕ್ಷೆ ಮೊಳೆತದ್ದು ಇಲ್ಲಿಂದಲೇ. ಇದು ಮೂಲತಃ ಮೇಮಿಯ ಕೆಲಸ, ತಾನು ನಡುವೆ ಬಂದು ಸೇರಿಕೊಂಡವನೆಂದು ಕೆನೆತ್ ಅವರೇ ಮುಂದೆ ಒಪ್ಪಿಕೊಂಡಿದ್ದಾರೆ.

ಪರೀಕ್ಷೆ ಬಹಳ ಸರಳ. ನಾಲ್ಕು ಬೊಂಬೆಗಳು, ಎರಡು ಕಂದುಬಣ್ಣದವು, ಎರಡು ಬಿಳಿಯವು. ಬಣ್ಣ ಬಿಟ್ಟರೆ ಎಲ್ಲವೂ ಒಂದೇ ಅಚ್ಚು. ಮೂರರಿಂದ ಏಳು ವರ್ಷದ 253 ಕಪ್ಪುಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳಿದರು: ನಿನಗೆ ಆಟಕ್ಕೆ ಯಾವುದು ಬೇಕು? ಒಳ್ಳೆಯದು ಯಾವುದು? ಕೆಟ್ಟದಾಗಿ ಕಾಣುವುದು ಯಾವುದು? ಕೊನೆಯ ಪ್ರಶ್ನೆ: ನಿನ್ನ ಹಾಗಿರುವುದು ಯಾವುದು? ಮೂವರಲ್ಲಿ ಇಬ್ಬರು ಮಕ್ಕಳು ಆಟಕ್ಕೆ ಬಿಳಿಯ ಬೊಂಬೆಯನ್ನೇ ಬಯಸಿದರು. ನೂರಕ್ಕೆ 59 ಮಕ್ಕಳು ಕೆಟ್ಟದಾಗಿ ಕಾಣುವುದು ಕಂದುಬಣ್ಣದ್ದು ಎಂದರು. ಅಷ್ಟು ಹೇಳಿದ ಮೇಲೆ ಕೊನೆಯ ಪ್ರಶ್ನೆಗೆ ಉತ್ತರಿಸಲಾರದೆ ಕೆಲವು ಮಕ್ಕಳು ಅತ್ತುಬಿಟ್ಟವು.

1954ರ ಮೇ 17ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಬ್ರೌನ್ ಮೊಕದ್ದಮೆಯಲ್ಲಿ ಬಣ್ಣಕ್ಕೊಂದು ಶಾಲೆಯ ಪದ್ಧತಿ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ತೀರ್ಪಿನ ಹನ್ನೊಂದನೆಯ ಅಡಿಟಿಪ್ಪಣಿಯಲ್ಲಿ ಮನಶ್ಶಾಸ್ತ್ರದ, ಸಮಾಜಶಾಸ್ತ್ರದ ಬರಹಗಳ ಪಟ್ಟಿಯಿದೆ. ಅದರ ಮೊದಲ ಸಾಲಿನಲ್ಲಿರುವುದು ಕೆನೆತ್ ಕ್ಲಾರ್ಕ್ 1950ರಲ್ಲಿ ಬರೆದ ವರದಿ. ಮೇಮಿಯ ಹೆಸರು ಆ ಪಟ್ಟಿಯಲ್ಲಿಲ್ಲ.

ಮೇಮಿ 1943ರಲ್ಲಿ ಕೊಲಂಬಿಯಾದ ಡಾಕ್ಟರೇಟು ಪಡೆದವರು. ಕಪ್ಪುಜನಾಂಗದವರಲ್ಲಿ ಅಲ್ಲಿ ಮನಶ್ಶಾಸ್ತ್ರದ ಆ ಪದವಿ ಪಡೆದ ಮೊದಲನೆಯವರು ಕೆನೆತ್, ಎರಡನೆಯವರು ಮೇಮಿ. ಗಂಡನಿಗೆ ಸಿಟಿ ಕಾಲೇಜಿನಲ್ಲಿ ಅಧ್ಯಾಪಕ ಹುದ್ದೆ ದೊರೆಯಿತು. ಅದೇ ನಗರದಲ್ಲಿ ಅದೇ ಪದವಿಯಿದ್ದ ಹೆಂಡತಿಗೆ ಸಿಕ್ಕಿದ್ದು ದಾದಿಯರನ್ನು ಕುರಿತ ಅಂಕಿಅಂಶಗಳನ್ನು ವಿಂಗಡಿಸುವ ಕೆಲಸ. ಬಣ್ಣದ ಬಾಗಿಲು ಇಬ್ಬರಿಗೂ ಅಡ್ಡವಿತ್ತು. ಆಕೆಗೆ ಅದರ ಹಿಂದೆ ಇನ್ನೊಂದು ಬಾಗಿಲಿತ್ತು. ಆಕೆ ಕೈಕಟ್ಟಿ ಕೂರಲಿಲ್ಲ. 1946ರಲ್ಲಿ ತಂದೆಯಿಂದ 946 ಡಾಲರು ಸಾಲ ಪಡೆದು ಹಾರ್ಲೆಮ್‌ನಲ್ಲಿ ಮಕ್ಕಳ ಮಾನಸಿಕ ಆರೋಗ್ಯ ಕೇಂದ್ರವೊಂದನ್ನು ತೆರೆದರು. 'ನಾರ್ತ್‌ಸೈಡ್' ಎಂಬ ಆ ಕೇಂದ್ರವನ್ನು 1979ರವರೆಗೂ ನಡೆಸಿ, 1983ರಲ್ಲಿ ತೀರಿಕೊಂಡರು.

ಮೂರನೆಯವರು ಕ್ಯಾರೊಲಿನ್ ವುಡ್ ಶೆರಿಫ್, 1922ರಲ್ಲಿ ಇಂಡಿಯಾನಾ ಸಂಸ್ಥಾನದಲ್ಲಿ ಹುಟ್ಟಿದವರು. 1945ರ ಕೊನೆಗೆ, ತುರ್ಕಿ ದೇಶದಿಂದ ಬಂದಿದ್ದ ಮುಜಫರ್ ಶೆರಿಫ್ ಅವರನ್ನು ಮದುವೆಯಾದರು. ನಾಜಿ ವಿಚಾರಗಳನ್ನು ವಿರೋಧಿಸಿ ತಾಯ್ನಾಡಿನಲ್ಲಿ ಸೆರೆವಾಸ ಕಂಡಿದ್ದ ವಿದ್ವಾಂಸ ಆತ. ಆತ ಆಗ ಪ್ರಿನ್ಸ್‌ಟನ್‌ನಲ್ಲಿದ್ದರು. ಆ ವಿಶ್ವವಿದ್ಯಾಲಯ ಆ ಕಾಲಕ್ಕೆ ಹೆಂಗಸರನ್ನು ಸ್ನಾತಕೋತ್ತರ ತರಗತಿಗೆ ಸೇರಿಸಿಕೊಳ್ಳುತ್ತಿರಲಿಲ್ಲ.

ಶೆರಿಫ್ ದಂಪತಿಗಳ ಕೀರ್ತಿ ನಿಂತಿರುವುದು 1954ರ ಬೇಸಗೆಯಲ್ಲಿ ಓಕ್ಲಹೋಮಾದ ರಾಬರ್ಸ್ ಕೇವ್ ಎಂಬ ಕಾಡಿನ ಶಿಬಿರದಲ್ಲಿ ನಡೆದ ಪ್ರಯೋಗದ ಮೇಲೆ. ಹನ್ನೊಂದು ಹನ್ನೆರಡು ವರ್ಷದ 22 ಹುಡುಗರು. ಒಂದೇ ಬಣ್ಣ, ಒಂದೇ ಮತ, ಒಂದೇ ಅಂತಸ್ತಿನವರು. ಅವರನ್ನು ಎರಡು ಪಂಗಡ ಮಾಡಿ ಬೇರೆಬೇರೆಯಾಗಿ ಇಳಿಸಿದರು. ಒಂದು ಪಂಗಡ 'ಹದ್ದು'ಗಳೆಂದು, ಇನ್ನೊಂದು 'ಬುಡುಬುಡಿಕೆ ಹಾವು'ಗಳೆಂದು ಹೆಸರಿಟ್ಟುಕೊಂಡವು. ಬಹುಮಾನವಿಟ್ಟು ಪಂದ್ಯಗಳನ್ನು ನಡೆಸಿದ್ದೇ ತಡ, ಬೈಗುಳ ಆರಂಭವಾಯಿತು, ಒಬ್ಬರ ಬಾವುಟವನ್ನು ಇನ್ನೊಬ್ಬರು ಸುಟ್ಟರು, ರಾತ್ರಿ ಹೊತ್ತು ಬಿಡಾರಗಳಿಗೆ ನುಗ್ಗಿದರು. ಒಟ್ಟಿಗೆ ಊಟಕ್ಕೆ ಕೂರಿಸಿದರೆ ಎಂಜಲೆರಚಾಟವೇ ಆಯಿತು. ಕುಡಿಯುವ ನೀರು ನಿಂತುಹೋದಾಗ, ಆಹಾರ ತರಬೇಕಾದ ಲಾರಿ ಕೆಟ್ಟು ನಿಂತಾಗ, ಇಬ್ಬರೂ ಕೂಡಿ ದುಡಿಯಲೇಬೇಕಾಯಿತು. ದ್ವೇಷ ಮೆಲ್ಲಗೆ ಕರಗಿತು. ಮರಳುವಾಗ ಎಲ್ಲರೂ ಒಂದೇ ಬಸ್ಸಿನಲ್ಲಿ ಕುಳಿತು ಮನೆಗೆ ಹೋದರು. ಇದರ ಹಿಂದಿನ ವರ್ಷ ನ್ಯೂಯಾರ್ಕ್ ಸಂಸ್ಥಾನದ ಇಂಥದೇ ಶಿಬಿರದಲ್ಲಿ ಹುಡುಗರು ಕಚ್ಚಾಡಲೊಪ್ಪದೆ ಪ್ರಯೋಗ ಅರ್ಧಕ್ಕೇ ಮುರಿದಿತ್ತೆಂಬುದನ್ನೂ ನೆನೆಯಬೇಕು. ಮನುಷ್ಯ ಜಗಳಕ್ಕೆಂದೇ ಹುಟ್ಟಿದವನಲ್ಲ!

1961ರಲ್ಲಿ ಅಚ್ಚಾದ ಈ ಪ್ರಯೋಗದ ಗ್ರಂಥದಲ್ಲಿ ಐವರು ಲೇಖಕರು. ಕ್ಯಾರೊಲಿನ್ ಅವರದು ಐದನೆಯ ಹೆಸರು. ಮೂವರು ಹೆಣ್ಣುಮಕ್ಕಳನ್ನು ಹೆತ್ತು ಸಾಕುತ್ತ, ಗಂಡನ ಸಂಶೋಧನೆಯಲ್ಲಿ ಸಮಸಮವಾಗಿ ದುಡಿಯುತ್ತ, ಆಕೆ ಡಾಕ್ಟರೇಟು ಪಡೆದದ್ದೂ ಅದೇ ವರ್ಷ. ಅಲ್ಲಿಯವರೆಗೆ ಹಲವರ ಕಣ್ಣಿಗೆ ಆಕೆ ಶೆರಿಫ್ ಅವರ ಹೆಂಡತಿ, ಅಷ್ಟೆ. 1979ರಲ್ಲಿ ಆಕೆ ಬರೆದ ಪ್ರಬಂಧವೊಂದು ಮನಶ್ಶಾಸ್ತ್ರದ ಒಳಗೇ ಹೆಣ್ಣಿನ ವಿಷಯದ ಪೂರ್ವಗ್ರಹ ಹೇಗೆ ಮನೆಮಾಡಿದೆಯೆಂಬುದನ್ನು ಬಿಚ್ಚಿಟ್ಟಿತು. 1982ರಲ್ಲಿ ತೀರಿಕೊಂಡರು.

ಮೂರು ಕಥೆಗಳನ್ನೂ ಎದುರಿಗಿಟ್ಟುಕೊಂಡಾಗ ನನ್ನ ಪ್ರಶ್ನೆಗೆ ಉತ್ತರ ಸ್ವಲ್ಪ ಹೊಳೆಯುತ್ತದೆ. ಹಾರ್ವರ್ಡಿನ ಗಾರ್ಡನ್ ಆಲ್‌ಪೋರ್ಟ್ ತಮ್ಮ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ್ದೂ 1954ರಲ್ಲೇ. ಎರಡು ಗುಂಪುಗಳು ಬೆರೆತರೆ ಪೂರ್ವಗ್ರಹ ಇಳಿಯುತ್ತದೆ, ಆದರೆ ಅದಕ್ಕೆ ಕೆಲವು ಷರತ್ತುಗಳಿವೆ ಎಂದರು ಅವರು: ಸಮಾನ ಸ್ಥಾನ, ಸಮಾನ ಗುರಿ, ಕೂಡಿ ದುಡಿಯುವಿಕೆ, ಹಿರಿಯರ ಹಾಗೂ ಕಾನೂನಿನ ಬೆಂಬಲ. ಗಂಡುಹೆಣ್ಣುಗಳಷ್ಟು ಬೆರೆತು ಬಾಳುವ ಗುಂಪುಗಳು ಬೇರೆ ಯಾವುವಿವೆ? ಒಂದೇ ಸೂರು, ಒಂದೇ ಒಲೆ, ಒಂದೇ ಗುರಿ. ದುಡಿಮೆಯೂ ಕೂಡಿಯೇ. ಇಲ್ಲದ್ದು ಮೊದಲನೆಯ ಷರತ್ತು ಮಾತ್ರ. ಅದೊಂದಿಲ್ಲದಿದ್ದರೆ ಮನೆಯೊಳಗಿನ ಆತ್ಮೀಯತೆ ಪೂರ್ವಗ್ರಹವನ್ನು ಕರಗಿಸುವ ಬದಲು ಮುಚ್ಚಿಡುತ್ತದೆ.

ಮುಚ್ಚುವ ಬಟ್ಟೆ ಬಹಳ ಸಲ ಹೊಗಳಿಕೆಯದು. ಪೀಟರ್ ಗ್ಲಿಕ್ ಮತ್ತು ಸೂಸನ್ ಫಿಸ್ಕ್ ಎಂಬ ಸಂಶೋಧಕರು 1996ರಲ್ಲಿ ತೋರಿಸಿದ್ದು ಇದನ್ನೇ. ಹೆಣ್ಣನ್ನು ಪವಿತ್ರಳು, ಕಾಪಾಡಬೇಕಾದವಳು ಎಂದು ಮೆಚ್ಚುವ ನಂಬಿಕೆಗಳೂ ಆಕೆಯನ್ನು ಹಳಿಯುವ ನಂಬಿಕೆಗಳೂ ಸಾಮಾನ್ಯವಾಗಿ ಜೊತೆಜೊತೆಯಾಗಿಯೇ ಇರುತ್ತವೆ. ನಮ್ಮನ್ನು 'ಮದ್ರಾಸಿ' ಎಂದವರು ಹೊಗಳುತ್ತಿರಲಿಲ್ಲವಾದ್ದರಿಂದ ನಮಗೆ ನೋವು ತಿಳಿಯಿತು. 'ಮನೆಯ ಬೆಳಕು' ಎನಿಸಿಕೊಂಡವರಿಗೆ ತಮ್ಮ ಹೆಸರು ಎಲ್ಲಿ ಹೋಯಿತೆಂದು ಕೇಳುವುದೇ ಕೃತಘ್ನತೆಯಂತೆ ತೋರಬಹುದು.

ಕೇಳದಿರಲು ಇನ್ನೂ ಒಂದು ಕಾರಣವಿದೆ. 1968ರಲ್ಲಿ ಫಿಲಿಪ್ ಗೋಲ್ಡ್‌ಬರ್ಗ್ ಎಂಬವರು ಕಾಲೇಜು ವಿದ್ಯಾರ್ಥಿನಿಯರಿಗೆ ಕೆಲವು ಲೇಖನಗಳನ್ನು ಕೊಟ್ಟು ಬೆಲೆಕಟ್ಟಲು ಹೇಳಿದರು. ಲೇಖನ ಅದೇ, ಕೆಲವರ ಪ್ರತಿಯಲ್ಲಿ ಬರೆದವನು ಜಾನ್, ಕೆಲವರದರಲ್ಲಿ ಬರೆದವಳು ಜೋನ್. ವಿದ್ಯಾರ್ಥಿನಿಯರು ಜಾನನ ಲೇಖನಕ್ಕೇ ಹೆಚ್ಚು ಬೆಲೆ ಕೊಟ್ಟರು. ಮುಂದೆ ಬೇರೆಯವರು ನಡೆಸಿದ ಪರೀಕ್ಷೆಗಳಲ್ಲಿ ಈ ವ್ಯತ್ಯಾಸ ಅಷ್ಟು ದೊಡ್ಡದಾಗಿ ಕಾಣಲಿಲ್ಲವೆಂಬುದೂ ನಿಜ. ಆದರೆ ಇದು ಮೇಮಿಯ ಬೊಂಬೆ ಪರೀಕ್ಷೆಯ ಇನ್ನೊಂದು ರೂಪವಲ್ಲವೇ? ಅಲ್ಲಿ ಒಂದೇ ಅಚ್ಚಿಗೆ ಎರಡು ಬಣ್ಣ, ಇಲ್ಲಿ ಒಂದೇ ಬರಹಕ್ಕೆ ಎರಡು ಹೆಸರು. ಕೀಳೆನಿಸಿಕೊಂಡವರೇ ಆ ಅಳತೆಗೋಲನ್ನು ಕೈಗೆತ್ತಿಕೊಳ್ಳುವುದು ಎರಡು ಕಡೆಯೂ ಸಮಾನ.

ಕಳೆದ ತಿಂಗಳು ಆ ಸ್ಮರಣ ಸಂಚಿಕೆಯನ್ನು ಅತ್ತಿಗೆಯವರಿಗೆ ತೋರಿಸಿದೆ. ಅವರಿಗೀಗ ಎಂಬತ್ತು ದಾಟಿದೆ. ವಿಷಯ ಹೇಳಿದರೆ, "ಆಗ ಎಲ್ಲ ಹಾಗೇ ಬರೀತಿದ್ದದ್ದಲ್ವಾ, ಬಿಡು ಮಾರಾಯ" ಎಂದು ನಕ್ಕರು. ಆದರೂ ಕನ್ನಡಕ ತರಿಸಿಕೊಂಡು ಆ ಪಟ್ಟಿಯನ್ನು ಎರಡು ಸಲ ಓದಿದರು. ಬಳಿಕ ಪ್ರತಿಯೊಬ್ಬ 'ಶ್ರೀಮತಿ'ಯ ಮೇಲೂ ಬೆರಳಿಟ್ಟು ಹೇಳತೊಡಗಿದರು: ಇವಳು ಸುಮತಿ, ಹಾಡುತ್ತಿದ್ದಳು, ಇವಳು ಕಮಲ, ಇವಳ ಅಕ್ಷರ ಮುತ್ತಿನಂತಿತ್ತು. ಇಬ್ಬರ ಹೆಸರು ಮಾತ್ರ ಅವರಿಗೂ ನೆನಪಾಗಲಿಲ್ಲ. ಅವರನ್ನು ಬಲ್ಲ ಬೇರೆ ಯಾರೂ ಈಗ ಉಳಿದಿಲ್ಲ.

ಸಂಘಗಳು ಬೆಳ್ಳಿಹಬ್ಬ, ಚಿನ್ನದ ಹಬ್ಬಗಳ ಸಂಚಿಕೆಗಳನ್ನು ಇನ್ನೂ ತರುತ್ತಲೇ ಇರುತ್ತವೆ. ಪಟ್ಟಿ ಬರೆಯುವವರು ಯಾರೇ ಆಗಲಿ, ಅಚ್ಚಿಗೆ ಕಳಿಸುವ ಮೊದಲು ಒಬ್ಬೊಬ್ಬರ ಹೆಸರನ್ನೂ ಅವರಲ್ಲಿಯೇ ಕೇಳಿ ಬರೆದುಕೊಂಡರೆ ಸಾಕು. ನಾನು ಮಾಡದೆ ಬಿಟ್ಟ ಕೆಲಸ ಅದು.