ಇಂಚಿನ ಲೆಕ್ಕ, ನೀರಿನ ಲೆಕ್ಕ: ಗ್ರ್ಯಾಂಡ್ ಜಂಕ್ಷನ್ ಕಾಲುವೆ ಕಂಪನಿಯ ಆಡಳಿತ

ಇಂಗ್ಲೆಂಡಿನ ಕಾಲುವೆಗಳ ಚರಿತ್ರೆ ಎಂದರೆ ಎಂಜಿನಿಯರುಗಳ ಸಾಹಸ ಮತ್ತು ಷೇರುಗಳ ಏರಿಳಿತ ಎಂಬ ರೂಢಿ ಬೆಳೆದಿದೆ. ಕಾಲುವೆ ಕಟ್ಟಿ ಮುಗಿದ ಮೇಲೆ ಅದನ್ನು ದಿನನಿತ್ಯ ನಡೆಸಿದ್ದು ಹೇಗೆ ಎಂಬ ಪ್ರಶ್ನೆ ಹಿಂದೆ ಸರಿದುಬಿಡುತ್ತದೆ. ನನ್ನ ದೃಷ್ಟಿಯಲ್ಲಿ ಕಂಪನಿಯ ನಿಜವಾದ ಕಸುಬು ತಿಳಿಯುವುದು ಅಲ್ಲಿಯೇ. ಗ್ರ್ಯಾಂಡ್ ಜಂಕ್ಷನ್ ಕಾಲುವೆ ಇದಕ್ಕೆ ತಕ್ಕ ನಿದರ್ಶನ. 1793ರಲ್ಲಿ ಪಾರ್ಲಿಮೆಂಟಿನ ಒಪ್ಪಿಗೆ ಪಡೆದು, ವಿಲಿಯಂ ಜೆಸಪ್ ಅವರ ಉಸ್ತುವಾರಿಯಲ್ಲಿ, ಬ್ರಾನ್‌ಸ್ಟನ್‌ನಿಂದ ಥೇಮ್ಸ್ ದಂಡೆಯ ಬ್ರೆಂಟ್‌ಫರ್ಡ್‌ವರೆಗೆ ಸುಮಾರು 93 ಮೈಲಿ ತೋಡಿದ ಕಾಲುವೆ ಇದು. 1805ರಲ್ಲಿ ಬ್ಲಿಸ್‌ವರ್ತ್ ಸುರಂಗ ತೆರೆದ ಮೇಲೆ ಲಂಡನ್ನಿಗೂ ಮಧ್ಯ ಇಂಗ್ಲೆಂಡಿಗೂ ನೇರ ಜಲಮಾರ್ಗ ದೊರೆಯಿತು.

ಕಾಲುವೆ ಕಂಪನಿಯದು, ಸರಕು ಕಂಪನಿಯದಲ್ಲ. ಸುಂಕ ಕೊಟ್ಟ ಯಾರೇ ಆಗಲಿ ತಮ್ಮ ದೋಣಿ ತರಬಹುದಿತ್ತು. ಪಿಕ್‌ಫರ್ಡ್‌ನಂಥ ದೊಡ್ಡ ಸಾಗಣೆದಾರರೂ ಹಾಗೆ ಬಂದವರೇ. ಸುಂಕದ ಮೇಲ್ಮಿತಿಯನ್ನು ಕಾಯ್ದೆಯೇ ಗೊತ್ತುಪಡಿಸಿತ್ತು. ಟನ್ನಿಗೆ, ಮೈಲಿಗೆ ಇಷ್ಟು ಎಂಬ ದರವಾದ್ದರಿಂದ ಸರಕಿನ ತೂಕ ತಿಳಿಯದೆ ಒಂದು ಪೆನ್ನಿಯನ್ನೂ ವಸೂಲು ಮಾಡುವಂತಿರಲಿಲ್ಲ. ನೀರಿನ ಮೇಲಿರುವ ದೋಣಿಯನ್ನು ತೂಗುವುದು ಹೇಗೆ? ಹೊಸ ದೋಣಿಯನ್ನು ಮೊದಲು ಅಳತೆಕಟ್ಟೆಗೆ ತಂದು, ತೂಕದ ಕಲ್ಲುಗಳನ್ನು ಟನ್ನಿನ ಲೆಕ್ಕದಲ್ಲಿ ಏರಿಸುತ್ತ, ಪ್ರತಿ ಹಂತದಲ್ಲೂ ದೋಣಿಯ ಅಂಚು ನೀರಿನಿಂದ ಎಷ್ಟು ಇಂಚು ಮೇಲಿದೆ ಎಂದು ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ಆ ಪುಸ್ತಕದ ಪ್ರತಿಗಳು ಸುಂಕದ ಕಟ್ಟೆಗಳಿಗೆ ಹೋಗುತ್ತಿದ್ದವು. ದೋಣಿ ಬಂದಾಗ ಗುಮಾಸ್ತ ನಾಲ್ಕು ಕಡೆ ಅಳತೆಕೋಲು ಇಳಿಸಿ, ಸರಾಸರಿ ತೆಗೆದು, ಪುಸ್ತಕ ತಿರುವಿ ತೂಕ ಹೇಳುತ್ತಿದ್ದ. ಎಷ್ಟೋ ಮೈಲಿಗಳ ವ್ಯಾಪಾರ ಒಬ್ಬ ಗುಮಾಸ್ತನ ಕಣ್ಣಿನ ನಿಖರತೆಯನ್ನು ನಂಬಿ ನಡೆಯಿತೆಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಇದಕ್ಕಿಂತ ಕಷ್ಟದ ಲೆಕ್ಕ ನೀರಿನದು. ಟ್ರಿಂಗ್ ಬಳಿ ಕಾಲುವೆ ಚಿಲ್ಟರ್ನ್ ಗುಡ್ಡಗಳನ್ನು ಹತ್ತಿ ಇಳಿಯುತ್ತದೆ. ಅಲ್ಲಿನ ಅಗಲದ ಲಾಕ್ (ದೋಣಿಯನ್ನು ಏರಿಸಿ ಇಳಿಸುವ ನೀರಿನ ಕಟ್ಟೆ) ಒಮ್ಮೆ ಖಾಲಿಯಾದರೆ ಸುಮಾರು ಎರಡೂವರೆ ಲಕ್ಷ ಲೀಟರ್ ನೀರು ಕೆಳಗೆ ಹರಿಯುತ್ತದೆ. ನೆತ್ತಿಯನ್ನು ದಾಟುವ ದೋಣಿ ಎರಡೂ ಬದಿಗೆ ಇಷ್ಟಿಷ್ಟು ನೀರನ್ನು ಒಯ್ಯುತ್ತಿತ್ತು. ಸಂಚಾರ ಹೆಚ್ಚಿದಷ್ಟೂ ಆದಾಯ ಹೆಚ್ಚು, ಆದರೆ ನೀರಿನ ಕೊರತೆಯೂ ಹೆಚ್ಚು. ಹೀಗಾಗಿ ವಿಲ್‌ಸ್ಟನ್ (1802), ಮಾರ್ಸ್‌ವರ್ತ್ (1806), ಟ್ರಿಂಗ್‌ಫರ್ಡ್ (1816), ಸ್ಟಾರ್ಟಾಪ್ಸ್ (1817) ಜಲಾಶಯಗಳು ಒಂದರ ಹಿಂದೆ ಒಂದು ಎದ್ದವು. ನೀರು ತರಲೆಂದೇ ತೋಡಿದ ವೆಂಡೋವರ್ ಕವಲಂತೂ ಸೋರಿ ಸೋರಿ, ಕೊನೆಕೊನೆಗೆ ಕೊಡುವುದಕ್ಕಿಂತ ಹೆಚ್ಚು ನೀರನ್ನು ತಾನೇ ಕುಡಿಯತೊಡಗಿತು.

ಕಾಲುವೆ ನೀರು ಸೆಳೆದ ನದಿಗಳನ್ನು ನಂಬಿದ ಗಿರಣಿಗಳವರು ಸುಮ್ಮನಿರಲಿಲ್ಲ. ಕಾಗದ ತಯಾರಕ ಜಾನ್ ಡಿಕಿನ್ಸನ್ ಕಂಪನಿಯೊಡನೆ ನೀರಿಗಾಗಿ ವ್ಯಾಜ್ಯ ನಡೆಸಿದ. ಕಡೆಗೆ 1819ರಲ್ಲಿ ಕಾಲುವೆಯ ಪಾತ್ರವನ್ನೇ ಬದಲಿಸಿ ಆಪ್ಸ್‌ಲಿ ಮತ್ತು ನ್ಯಾಷ್ ಗಿರಣಿಗಳ ಮಗ್ಗುಲಲ್ಲಿ ಹಾಯಿಸಬೇಕಾಯಿತು. ಅದರಿಂದ ಡಿಕಿನ್ಸನ್‌ಗೆ ಮನೆಬಾಗಿಲಲ್ಲೇ ಸಾಗಣೆಯೂ ಸಿಕ್ಕಿತು.

1838ರಲ್ಲಿ ಲಂಡನ್–ಬರ್ಮಿಂಗ್‌ಹ್ಯಾಮ್ ರೈಲುಮಾರ್ಗ ಪೂರ್ಣಗೊಂಡಿತು. ಆ ಹೊತ್ತಿಗೆ ಕಂಪನಿ ಸ್ಟೋಕ್ ಹ್ಯಾಮಂಡ್ ಮತ್ತು ಮಾರ್ಸ್‌ವರ್ತ್ ನಡುವೆ ಅಗಲದ ಲಾಕ್‌ಗಳ ಪಕ್ಕದಲ್ಲಿ ಕಿರಿದಾದವುಗಳನ್ನು ಕಟ್ಟಿಸುತ್ತಿತ್ತು. ಒಂಟಿ ದೋಣಿಗೆ ಅರ್ಧ ನೀರು ಸಾಕು, ಕಾಯುವ ಹೊತ್ತೂ ಉಳಿತಾಯ. ರೈಲಿನ ಪೈಪೋಟಿಯಿಂದ ಸುಂಕವನ್ನೂ ಇಳಿಸಬೇಕಾಯಿತು. 1845ರ ಕಾಯ್ದೆ ಕಾಲುವೆ ಕಂಪನಿಗಳಿಗೆ ಸ್ವತಃ ಸರಕು ಸಾಗಿಸುವ ಅಧಿಕಾರ ನೀಡಿತು. ಪಿಕ್‌ಫರ್ಡ್‌ನಂಥವರು ರೈಲಿನತ್ತ ಹೊರಳಿದ್ದರಿಂದ ಗ್ರ್ಯಾಂಡ್ ಜಂಕ್ಷನ್ 1848ರಿಂದ ತಾನೇ ಸಾಗಣೆಗೆ ಇಳಿಯಿತು. ಸುಂಕ ವಸೂಲಿಯಲ್ಲಿ ಪಳಗಿದ ಸಂಸ್ಥೆಗೆ ದೋಣಿ, ಕುದುರೆ, ಆಳು, ಗೋದಾಮುಗಳ ಹೊಣೆ ಬೇರೆಯದೇ ಹೊರೆ.

1874ರ ಅಕ್ಟೋಬರ್ 2ರ ನಸುಕಿನಲ್ಲಿ ಕಂಪನಿಯ 'ಟಿಲ್ಬರಿ' ದೋಣಿ ರೀಜೆಂಟ್ಸ್ ಪಾರ್ಕಿನ ಮ್ಯಾಕಲ್ಸ್‌ಫೀಲ್ಡ್ ಸೇತುವೆಯಡಿ ಸಿಡಿಯಿತು. ಅದರಲ್ಲಿ ಸಕ್ಕರೆ ಮತ್ತಿತರ ಸರಕಿನ ಜೊತೆಗೆ ಸುಮಾರು ಐದು ಟನ್ ಕೋವಿಮದ್ದೂ ಪೆಟ್ರೋಲಿಯಮ್ಮೂ ಇದ್ದವು. ದೋಣಿಯ ಮೂವರೂ ಸತ್ತರು, ಸೇತುವೆ ನೆಲಸಮವಾಯಿತು. ತೂಕವನ್ನು ಇಂಚಿಂಚಾಗಿ ಅಳೆದ ವ್ಯವಸ್ಥೆ, ಯಾವ ಸರಕಿನ ಪಕ್ಕ ಯಾವುದನ್ನು ಇಡಬಾರದೆಂಬುದನ್ನು ಅಷ್ಟು ಕಟ್ಟುನಿಟ್ಟಾಗಿ ನೋಡಿರಲಿಲ್ಲ. ಮರುವರ್ಷವೇ ಸ್ಫೋಟಕಗಳ ಕಾಯ್ದೆ ಬಂತು. 1876ರಲ್ಲಿ ಕಂಪನಿ ಸಾಗಣೆಯನ್ನು ಕೈಬಿಟ್ಟಿತು. ಆ ವ್ಯಾಪಾರವನ್ನು ಬೇರೆ ಸಾಗಣೆದಾರರು ವಹಿಸಿಕೊಂಡರು, ಕಂಪನಿ ಮತ್ತೆ ಸುಂಕದ ಆದಾಯಕ್ಕೇ ಮರಳಿತು.