ಮಂತ್ರಿಪದವಿಯಿಂದ ನ್ಯಾಯಪೀಠಕ್ಕೆ: ವಿ. ಆರ್. ಕೃಷ್ಣ ಅಯ್ಯರ್

ರಾಜಕಾರಣದಲ್ಲಿ ಒಂದು ಪಕ್ಷವನ್ನು ವಹಿಸಿದವನು ನ್ಯಾಯಪೀಠದಲ್ಲಿ ನಿಷ್ಪಕ್ಷಪಾತಿಯಾಗಿರಬಲ್ಲನೆ? ಕೇರಳದ ವಿ. ಆರ್. ಕೃಷ್ಣ ಅಯ್ಯರರ (1915–2014) ಜೀವಿತವು ಈ ಪ್ರಶ್ನೆಯ ಪರಿಶೀಲನೆಗೆ ತಕ್ಕ ಸಾಮಗ್ರಿಯನ್ನೊದಗಿಸುತ್ತದೆ.

ಮಲಬಾರಿನ ತಲಶ್ಶೇರಿಯಲ್ಲಿ ವಕೀಲರಾಗಿದ್ದ ಅವರು ರೈತರ ಹಾಗೂ ಕಾರ್ಮಿಕರ ಪರವಾಗಿ ವಾದಿಸುತ್ತಿದ್ದರು. ಕಮ್ಯೂನಿಸ್ಟರಿಗೆ ಕಾನೂನಿನ ನೆರವಿತ್ತರೆಂಬ ಆಪಾದನೆಯ ಮೇಲೆ 1948ರಲ್ಲಿ ಸುಮಾರು ಒಂದು ತಿಂಗಳ ಕಾಲ ಸೆರೆಮನೆಯಲ್ಲಿರಬೇಕಾಯಿತು. 1952ರಲ್ಲಿ ಮದರಾಸು ವಿಧಾನಸಭೆಗೂ, ರಾಜ್ಯಗಳ ಪುನರ್ವಿಂಗಡಣೆಯ ತರುವಾಯ 1957ರಲ್ಲಿ ಕೇರಳ ವಿಧಾನಸಭೆಗೂ ಸ್ವತಂತ್ರ ಅಭ್ಯರ್ಥಿಯಾಗಿ ಆಯ್ಕೆಗೊಂಡರು. ಇ. ಎಂ. ಎಸ್. ನಂಬೂದಿರಿಪಾಡರ ಮಂತ್ರಿಮಂಡಲದಲ್ಲಿ ಅವರು ವಹಿಸಿಕೊಂಡ ಖಾತೆಗಳಲ್ಲಿ ಕಾನೂನು, ನೀರಾವರಿಗಳ ಜೊತೆಗೆ ಕಾರಾಗೃಹವೂ ಇದ್ದಿತು. ಒಂಬತ್ತು ವರ್ಷಗಳ ಹಿಂದೆ ಬಂದಿಯಾಗಿದ್ದವರ ಕೈಗೆ ಬಂದೀಖಾನೆಗಳ ಆಡಳಿತವು ಬಂದಿತು. 1959ರ ಜುಲೈ 31ರಂದು ಆ ಮಂತ್ರಿಮಂಡಲವು ವಜಾ ಆಯಿತು. 1965ರ ಚುನಾವಣೆಯಲ್ಲಿ ಅವರು ಪರಾಭವ ಹೊಂದಿದರು.

1968ರಲ್ಲಿ ಕೇರಳ ಉಚ್ಚ ನ್ಯಾಯಾಲಯದ, 1973ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. ಅವರ ರಾಜಕೀಯ ಪೂರ್ವಚರಿತ್ರೆಯನ್ನು ಮುಂದೊಡ್ಡಿ ಕೆಲವು ವಕೀಲರು ಈ ಎರಡನೆಯ ನೇಮಕವನ್ನು ವಿರೋಧಿಸಿದ್ದರು. ಆ ಶಂಕೆಯ ಪರೀಕ್ಷೆ ಶೀಘ್ರದಲ್ಲಿಯೇ ಒದಗಿತು. ಶ್ರೀಮತಿ ಇಂದಿರಾ ಗಾಂಧಿಯವರ ಚುನಾವಣೆಯನ್ನು ಅಲಹಾಬಾದು ಉಚ್ಚ ನ್ಯಾಯಾಲಯವು ಅಸಿಂಧುಗೊಳಿಸಿದಾಗ, 1975ರ ಜೂನ್ 24ರಂದು ಅವರು ಷರತ್ತಿನ ತಡೆಯಾಜ್ಞೆಯನ್ನು ಮಾತ್ರ ನೀಡಿದರು. ಪ್ರಧಾನಿ ಲೋಕಸಭೆಯಲ್ಲಿ ಕುಳಿತುಕೊಳ್ಳಬಹುದು, ಸದಸ್ಯರಾಗಿ ಮತ ಚಲಾಯಿಸುವಂತಿಲ್ಲ. ಮರುದಿನ ರಾತ್ರಿಯೇ ತುರ್ತುಪರಿಸ್ಥಿತಿಯು ಘೋಷಿತವಾಯಿತು.

ಹಾಗಾದರೆ ಹಿಂದಿನ ಅನುಭವವು ಅವರಲ್ಲಿ ಅಳಿದುಹೋಯಿತೆ? ಇಲ್ಲ, ಅದು ಬೇರೊಂದೆಡೆ ಫಲಿಸಿತು. ಸುನಿಲ್ ಬಾತ್ರಾ ಮೊಕದ್ದಮೆಯಲ್ಲಿ (1978), ಸೆರೆಮನೆಯನ್ನು ಹೊಕ್ಕ ಮಾತ್ರಕ್ಕೆ ಬಂದಿಯ ಮೂಲಭೂತ ಹಕ್ಕುಗಳು ಲೋಪವಾಗವೆಂದು ಅವರು ಪ್ರತ್ಯೇಕ ತೀರ್ಪಿನಲ್ಲಿ ಪ್ರತಿಪಾದಿಸಿದರು. ಮತ್ತೊಬ್ಬ ಕೈದಿಗಾದ ಹಿಂಸೆಯನ್ನು ಕುರಿತು ಅದೇ ಬಂದಿಯು ಬರೆದ ಪತ್ರವನ್ನೇ ನ್ಯಾಯಾಲಯವು ಅರ್ಜಿಯೆಂದು ಸ್ವೀಕರಿಸಿತು. 1979ರ ಆ ತೀರ್ಪೂ ಅವರದೇ. 1980ರಲ್ಲಿ ಕೈಕೋಳವನ್ನು ವಾಡಿಕೆಯಾಗಿ ತೊಡಿಸುವುದನ್ನು ಸಂವಿಧಾನವಿರುದ್ಧವೆಂದು ಸಾರಿದರು.

ಅವರ ತೀರ್ಪುಗಳಲ್ಲಿ ಶಾಸನಕರ್ತನ ಧ್ವನಿಯೇ ಮಿಗಿಲೆಂಬ ಆಕ್ಷೇಪಣೆಯು ಪೂರ್ಣ ನಿರಾಧಾರವಲ್ಲ. ಆದರೆ ಪಕ್ಷಪಾತವೂ ಅನುಭವವೂ ಒಂದೇ ಅಲ್ಲ. ಮೊದಲನೆಯದನ್ನು ನ್ಯಾಯಾಧೀಶನು ಪೀಠದ ಹೊರಗೆ ಬಿಟ್ಟುಬರಬೇಕು. ಎರಡನೆಯದನ್ನು ಬಿಟ್ಟುಬಂದರೆ ನಷ್ಟವು ನ್ಯಾಯಕ್ಕೇ. ಕೃಷ್ಣ ಅಯ್ಯರರ ಚರಿತ್ರೆಯು ಈ ವಿವೇಚನೆಯನ್ನು ಸ್ಪಷ್ಟಪಡಿಸುತ್ತದೆ.