ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್‌ನಿಂದ ಹಿಂದಿನ ಒಡೆಯನ ಗುರುತು ತೆಗೆಯುವ ಬಗೆ

ಬೆಂಗಳೂರಿನ ಎಸ್.ಪಿ. ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸ್, ಈ ಮೂರೂ ಕಡೆ ಹಳೆಯ ಲ್ಯಾಪ್‌ಟಾಪ್‌ಗಳು ರಾಶಿರಾಶಿಯಾಗಿ ಸಿಗುತ್ತವೆ. ಡೆಲ್ ಲ್ಯಾಟಿಟ್ಯೂಡ್, ಲೆನೊವೊ ಥಿಂಕ್‌ಪ್ಯಾಡ್, ಎಚ್‌ಪಿ ಎಲೈಟ್‌ಬುಕ್‌ನಂಥವು ಕಂಪನಿಗಳಲ್ಲಿ ಮೂರು ನಾಲ್ಕು ವರ್ಷ ದುಡಿದು, ಲೀಸ್ ಮುಗಿದ ಮೇಲೆ ಒಟ್ಟೊಟ್ಟಾಗಿ ಮಾರಾಟವಾದ ಯಂತ್ರಗಳು. ಇನ್ನುಳಿದವು ಮನೆಗಳಿಂದ, ಬಾಗಿಲು ಮುಚ್ಚಿದ ಸೈಬರ್ ಸೆಂಟರ್‌ಗಳಿಂದ, ಶಾಲಾ ಕಾಲೇಜುಗಳಿಂದ ಬರುತ್ತವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ, ವಿಂಡೋಸ್ 11 ಒಪ್ಪಿಕೊಳ್ಳದ ಯಂತ್ರಗಳನ್ನು ಕಚೇರಿಗಳು ಕೈಬಿಡಲು ಇನ್ನೊಂದು ಕಾರಣವೂ ಸಿಕ್ಕಿತು.

‘ಫಾರ್ಮ್ಯಾಟ್ ಹೊಡೆದೇ ಕೊಟ್ಟಿದ್ದೇವೆ ಸಾರ್’ ಎಂದು ಅಂಗಡಿಯವರು ಹೇಳುತ್ತಾರೆ. ಆ ಮಾತು ಸುಳ್ಳಾಗಿರಬೇಕಿಲ್ಲ, ಆದರೆ ಅದರಿಂದ ಕೆಲಸ ಮುಗಿಯುವುದಿಲ್ಲ. ಹಿಂದಿನ ಒಡೆಯನ ಗುರುತು ಡಿಸ್ಕ್‌ನಲ್ಲಿ ಇರುತ್ತದೆ, ಮದರ್‌ಬೋರ್ಡ್‌ನಲ್ಲಿ ಇರುತ್ತದೆ, ಎಲ್ಲೋ ದೂರದ ಸರ್ವರ್‌ನ ನೋಂದಣಿಯಲ್ಲಿ ಇರುತ್ತದೆ, ಯಂತ್ರದ ಮೈಮೇಲೂ ಇರುತ್ತದೆ. ಕಡತಗಳನ್ನು ಒಂದೊಂದಾಗಿ ಹುಡುಕಿ ಅಳಿಸುತ್ತ ಕೂತರೆ ಇವುಗಳಲ್ಲಿ ಯಾವುದೂ ಪೂರ್ತಿ ಹೋಗುವುದಿಲ್ಲ. ಇಡೀ ಡಿಸ್ಕ್ ಒರೆಸಿ ಮೊದಲಿಂದ ಶುರು ಮಾಡಬೇಕು. ಡಿಸ್ಕ್ ಒರೆಸಿದರೂ ಹೋಗದ ಬೀಗಗಳಿವೆಯೇ ಎಂಬುದನ್ನು ಹಣ ಕೊಡುವ ಮೊದಲೇ ನೋಡಿಕೊಳ್ಳಬೇಕು.

ಅಳಿಸಿದ್ದು ಅಳಿದಿರುವುದಿಲ್ಲ

ಕಡತವೊಂದನ್ನು ಡಿಲೀಟ್ ಮಾಡಿ ರೀಸೈಕಲ್ ಬಿನ್ ಖಾಲಿ ಮಾಡಿದಾಗ ಕಂಪ್ಯೂಟರ್ ಮಾಡುವ ಕೆಲಸ ತೀರ ಸಣ್ಣದು. ‘ಈ ಜಾಗ ಇನ್ನು ಖಾಲಿ, ಬೇಕಾದಾಗ ಬಳಸಿಕೊಳ್ಳಬಹುದು’ ಎಂದು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ, ಅಷ್ಟೆ. ಪಹಣಿಯಲ್ಲಿ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ಹೊಲದಲ್ಲಿ ನಿಂತ ಬೆಳೆ ಮಾಯವಾಗುವುದಿಲ್ಲವಲ್ಲ, ಹಾಗೆಯೇ ಇದು. ಹಾರ್ಡ್ ಡಿಸ್ಕ್‌ನಲ್ಲಿ ಆ ಜಾಗದ ಮೇಲೆ ಬೇರೆ ಮಾಹಿತಿ ಬಂದು ಕೂರುವವರೆಗೆ ಹಳೆಯದು ಅಲ್ಲೇ ಇರುತ್ತದೆ. ಪುಕ್ಕಟೆ ಸಿಗುವ ರಿಕವರಿ ತಂತ್ರಾಂಶಗಳು ಅದನ್ನು ಎತ್ತಿ ತೋರಿಸುತ್ತವೆ.

ಕ್ವಿಕ್ ಫಾರ್ಮ್ಯಾಟ್‌ನ ಕಥೆಯೂ ಬೇರೆಯಲ್ಲ. ಅದು ಪಟ್ಟಿಯನ್ನಷ್ಟೇ ಹೊಸದಾಗಿ ಬರೆಯುತ್ತದೆ, ಆದ್ದರಿಂದಲೇ ಕೆಲವು ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ವಿಂಡೋಸ್ ವಿಸ್ಟಾ ಬಂದಂದಿನಿಂದ ಪೂರ್ಣ ಫಾರ್ಮ್ಯಾಟ್ ಮಾತ್ರ ಆ ವಿಭಾಗದ ಉದ್ದಕ್ಕೂ ಸೊನ್ನೆ ಬರೆಯುತ್ತದೆ.

ಮಾರಾಟಕ್ಕೆ ಬಂದ ಡಿಸ್ಕ್‌ಗಳಲ್ಲಿ ಏನಿರುತ್ತದೆ ಎಂದು ಎಂಐಟಿಯ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲತ್ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ಅವರು ಕೊಂಡದ್ದು 158 ಹಳೆಯ ಹಾರ್ಡ್ ಡಿಸ್ಕ್. ಅವುಗಳಲ್ಲಿ 129 ಕೆಲಸ ಮಾಡುತ್ತಿದ್ದವು, ಸರಿಯಾಗಿ ಒರೆಸಿದ್ದವು ಬರೀ 12. ಉಳಿದವುಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ಸಿಕ್ಕವು. ಒಂದು ಡಿಸ್ಕ್ ಎಟಿಎಂ ಯಂತ್ರದಿಂದ ಬಂದಂತಿತ್ತು. ಖಾತೆ ಸಂಖ್ಯೆ, ಬ್ಯಾಲೆನ್ಸ್‌ಗಳೆಲ್ಲ ಅದರಲ್ಲಿ ಹಾಗೇ ಇದ್ದವು.

ಇದು ಹಳೆಯ ಕಾಲದ ಮಾತು ಎಂದುಕೊಳ್ಳುವಂತಿಲ್ಲ. ಗ್ರಾಹಕರ ಮಾಹಿತಿ ತುಂಬಿದ ಯಂತ್ರಗಳನ್ನು ವಿಲೇವಾರಿ ಮಾಡುವ ಕೆಲಸವನ್ನು ಅಮೆರಿಕದ ಹಣಕಾಸು ಸಂಸ್ಥೆ ಮಾರ್ಗನ್ ಸ್ಟ್ಯಾನ್ಲಿ ಈ ವಿಷಯದಲ್ಲಿ ಅನುಭವವೇ ಇಲ್ಲದ ಸಾಗಣೆ ಕಂಪನಿಯೊಂದಕ್ಕೆ ಒಪ್ಪಿಸಿತ್ತು. ಕೆಲವು ಯಂತ್ರಗಳು ಒರೆಸದೆಯೇ ಆನ್‌ಲೈನ್ ಹರಾಜಿಗೆ ಬಂದವು. ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆ 2022ರಲ್ಲಿ ಮಾರ್ಗನ್ ಸ್ಟ್ಯಾನ್ಲಿಗೆ 3.5 ಕೋಟಿ ಡಾಲರ್ ದಂಡ ಹಾಕಿತು. ಇಂಗ್ಲೆಂಡಿನ ಬ್ರೈಟನ್‌ನಲ್ಲಿ ರೋಗಿಗಳ ಮಾಹಿತಿ ಇದ್ದ ಡಿಸ್ಕ್‌ಗಳು ಇಬೇಯಲ್ಲಿ ಮಾರಾಟವಾದದ್ದಕ್ಕೆ ಅಲ್ಲಿನ ಆಸ್ಪತ್ರೆ ಆಡಳಿತ 2012ರಲ್ಲಿ 3,25,000 ಪೌಂಡ್ ದಂಡಕ್ಕೆ ಗುರಿಯಾಯಿತು.

ಉಳಿದಿದ್ದರೆ ಯಾರಿಗೆ ತೊಂದರೆ?

ಸ್ಟಾರ್ಟ್ ಒತ್ತಿ ‘ವಿನ್‌ವರ್’ ಎಂದು ಟೈಪ್ ಮಾಡಿದರೆ ಯಂತ್ರ ಯಾರ ಹೆಸರಿಗೆ ನೋಂದಣಿಯಾಗಿದೆ ಎಂದು ಕೆಳಗೆ ಕಾಣುತ್ತದೆ. ‘ಯೂಸರ್ಸ್’ ಫೋಲ್ಡರ್‌ನಲ್ಲಿ ಹಳಬರ ಹೆಸರು, ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಸೇರಿಕೊಂಡಿದ್ದ ವೈ-ಫೈ ಜಾಲಗಳ ಪಟ್ಟಿ, ಅಳಿಸಿದ ಫೋಟೋಗಳ ಪುಟ್ಟ ಪ್ರತಿಗಳು, ಎಲ್ಲ ಸಿಗಬಹುದು. ಜೆರಾಕ್ಸ್ ಅಂಗಡಿ ಅಥವಾ ಸೈಬರ್ ಸೆಂಟರ್‌ನ ಯಂತ್ರವಾದರೆ ಸ್ಕ್ಯಾನ್ ಫೋಲ್ಡರ್‌ನಲ್ಲಿ ಓಣಿಯವರೆಲ್ಲರ ಆಧಾರ್, ಪ್ಯಾನ್, ಅಂಕಪಟ್ಟಿಗಳು ಇರಬಹುದು. ಆ ಕಾಗದಗಳನ್ನು ಕೊಟ್ಟವರು ಒಂದು ಅರ್ಜಿ ತುಂಬಿಸಲು ಬಂದಿದ್ದವರು. ತಮ್ಮ ದಾಖಲೆ ಯಾರ ಮನೆಗೆ ಹೋಯಿತೆಂದು ಅವರಿಗೆ ಎಂದೂ ತಿಳಿಯುವುದಿಲ್ಲ. ಅಂಥದ್ದು ಕಣ್ಣಿಗೆ ಬಿದ್ದರೆ ತೆರೆದು ನೋಡಬಾರದು, ಯಾರಿಗೂ ಕಳಿಸಬಾರದು, ‘ಯಾರದೋ ಏನೋ’ ಎಂದು ಪ್ರತಿ ಮಾಡಿ ಇಟ್ಟುಕೊಳ್ಳಲೂಬಾರದು. ಮಾರಿದವರ ಪರಿಚಯವಿದ್ದರೆ, ಬೇಕಾದದ್ದು ಏನಾದರೂ ಉಳಿದಿದೆಯೇ ಎಂದು ಒಮ್ಮೆ ಕೇಳಿ ನಂತರ ಒರೆಸುವುದು ಸರಿಯಾದ ನಡತೆ.

ಕೊಂಡವರಿಗೂ ಅಪಾಯ ಕಡಿಮೆಯಿಲ್ಲ. ದೂರದಿಂದ ಯಂತ್ರ ನಡೆಸುವ ಎನಿಡೆಸ್ಕ್‌ನಂಥ ತಂತ್ರಾಂಶದಲ್ಲಿ ಹಳೆಯ ಪಾಸ್‌ವರ್ಡ್ ಹಾಗೇ ಉಳಿದಿದ್ದರೆ, ಅದನ್ನು ಬಲ್ಲವರು ನಿಮ್ಮ ಪರದೆಯನ್ನೇ ನೋಡಬಹುದು. ಹಳೆಯ ಗೂಗಲ್ ಖಾತೆ ಬ್ರೌಸರ್‌ನಲ್ಲಿ ತೆರೆದೇ ಇದ್ದರೆ ನೀವು ಹೊಸದಾಗಿ ಉಳಿಸಿದ ಪಾಸ್‌ವರ್ಡ್ ಆ ಖಾತೆಗೇ ಹೋಗಿ ಸೇರಬಹುದು. ಮಾರುಕಟ್ಟೆಯ ಯಂತ್ರಗಳಲ್ಲಿ ಇನ್ನೊಂದು ಗುರುತು ಇರುತ್ತದೆ, ಅದು ಅಂಗಡಿಯದೇ. ಕಳ್ಳ ಕೀಲಿಯ ವಿಂಡೋಸ್ ಮತ್ತು ಆಫೀಸ್ ಹಾಕಿ, ಅವು ತಕರಾರು ಮಾಡದಿರಲೆಂದು ಆಂಟಿವೈರಸ್ ಆಫ್ ಮಾಡಿ ಕೊಟ್ಟಿರುತ್ತಾರೆ. ನನ್ನ ಮಟ್ಟಿಗೆ, ಹಿಂದಿನ ಒಡೆಯನ ಕಡತಗಳಿಗಿಂತ ಹೆಚ್ಚು ಭಯ ಹುಟ್ಟಿಸುವುದು ಇದು.

ಹಾರ್ಡ್ ಡಿಸ್ಕ್ ಒರೆಸುವುದು

ತಿರುಗುವ ತಟ್ಟೆಗಳ ಹಳೆಯ ಹಾರ್ಡ್ ಡಿಸ್ಕ್ ಆದರೆ ಕೆಲಸ ಸರಳ, ಸಮಯ ಮಾತ್ರ ಹಿಡಿಯುತ್ತದೆ. ಇಡೀ ಡಿಸ್ಕ್‌ನ ಮೇಲೆ ಒಮ್ಮೆ ಸೊನ್ನೆ ಬರೆದರೆ ಸಾಕು. ವಿಂಡೋಸ್‌ನ ‘ಡಿಸ್ಕ್‌ಪಾರ್ಟ್’ನಲ್ಲಿರುವ ‘ಕ್ಲೀನ್ ಆಲ್’ ಆದೇಶ ಇದನ್ನೇ ಮಾಡುತ್ತದೆ. ಪೆನ್‌ಡ್ರೈವ್‌ನಿಂದ ನಡೆಯುವ ‘ಶ್ರೆಡ್ಓಎಸ್’ ಕೂಡ ಪುಕ್ಕಟೆ ಸಿಗುತ್ತದೆ. ಸೆಕೆಂಡಿಗೆ 100 ಮೆಗಾಬೈಟ್ ವೇಗದಲ್ಲಿ ಒಂದು ಟೆರಾಬೈಟ್ ಡಿಸ್ಕ್ ಒರೆಸಲು ಹತ್ತಿರ ಹತ್ತಿರ ಮೂರು ಗಂಟೆ ಬೇಕು. ಎಚ್ಚರ ಬೇಕಾದದ್ದು ಡಿಸ್ಕ್‌ನ ಸಂಖ್ಯೆ ಆರಿಸುವಾಗ. ಪಕ್ಕದಲ್ಲಿ ನಿಮ್ಮದೇ ಬ್ಯಾಕಪ್ ಡಿಸ್ಕ್ ಸಿಕ್ಕಿಸಿದ್ದರೆ ಮೊದಲು ಅದನ್ನು ಕಿತ್ತಿಡಿ.

ಮೂವತ್ತೈದು ಸಲ ಒರೆಸಬೇಕೆಂಬ ನಂಬಿಕೆ ಈಗಲೂ ಓಡಾಡುತ್ತಿದೆ. 1996ರಲ್ಲಿ ಪೀಟರ್ ಗಟ್‌ಮನ್ ಎಂಬ ಸಂಶೋಧಕ ಬರೆದ ಪ್ರಬಂಧದಿಂದ ಅದು ಹುಟ್ಟಿತು. ಆ 35 ವಿನ್ಯಾಸಗಳು ಅಂದಿನ ಬೇರೆ ಬೇರೆ ಬಗೆಯ ಡಿಸ್ಕ್‌ಗಳಿಗೆಂದು ಒಟ್ಟಿಗೆ ಕೊಟ್ಟವು, ಒಂದೇ ಡಿಸ್ಕ್‌ಗೆ ಅಷ್ಟನ್ನೂ ಹಾಕುವುದರಲ್ಲಿ ಅರ್ಥವಿಲ್ಲ ಎಂದು ಅವರೇ ಮುಂದೆ ಸ್ಪಷ್ಟಪಡಿಸಿದರು. ಅಮೆರಿಕದ ಎನ್ಐಎಸ್‌ಟಿ ಸಂಸ್ಥೆಯ 2014ರ ಮಾರ್ಗಸೂಚಿಯೂ ಇಂದಿನ ಡಿಸ್ಕ್‌ಗಳಿಗೆ ಒಂದೇ ಸಲದ ಮರುಬರಹ ಸಾಕೆನ್ನುತ್ತದೆ.

ಎಸ್‌ಎಸ್‌ಡಿಯ ದಾರಿ ಬೇರೆ

ಎಸ್‌ಎಸ್‌ಡಿ ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುತ್ತದೆ. ಚಿಪ್‌ನ ಪ್ರತಿ ಕೋಶಕ್ಕೂ ಇಷ್ಟು ಸಲ ಮಾತ್ರ ಬರೆಯಬಹುದು ಎಂಬ ಮಿತಿ ಇದೆ. ಒಂದೇ ಜಾಗ ಸವೆಯದಿರಲೆಂದು ಅದರ ನಿಯಂತ್ರಕ ಪ್ರತಿ ಸಲವೂ ಬೇರೆ ಬೇರೆ ಕಡೆ ಬರೆಯುತ್ತ ಹೋಗುತ್ತದೆ. ನೀವು ಕಡತದ ಮೇಲೆ ಸೊನ್ನೆ ಬರೆಯಿರಿ ಎಂದರೆ ಸೊನ್ನೆಗಳು ಹೊಸ ಜಾಗಕ್ಕೆ ಹೋಗುತ್ತವೆ, ಹಳೆಯ ಕಡತ ತನ್ನ ಜಾಗದಲ್ಲೇ ಕೂತಿರುತ್ತದೆ. ಇದಲ್ಲದೆ ಕಂಪ್ಯೂಟರ್‌ಗೆ ಕಾಣದಂತೆ ಸ್ವಲ್ಪ ಮೀಸಲು ಜಾಗವೂ ಒಳಗಿರುತ್ತದೆ. ಅಳಿಸಿದ ಜಾಗ ಯಾವುದೆಂದು ಡ್ರೈವ್‌ಗೆ ತಿಳಿಸುವ ‘ಟ್ರಿಮ್’ ವ್ಯವಸ್ಥೆಯಿಂದ ಹಳೆಯ ಮಾಹಿತಿ ಬೇಗ ಹೋಗುವುದು ನಿಜ, ಆದರೆ ಯಾವಾಗ, ಎಷ್ಟು ಎಂಬುದು ಡ್ರೈವ್‌ನ ಇಷ್ಟ.

ಹಾಗಾಗಿ ಒರೆಸುವ ಕೆಲಸವನ್ನು ಡ್ರೈವ್‌ಗೇ ವಹಿಸಬೇಕು. ಸಾಟಾ ಎಸ್‌ಎಸ್‌ಡಿಗಳಲ್ಲಿ ‘ಸೆಕ್ಯೂರ್ ಇರೇಸ್’, ಎನ್‌ವಿಎಂಇ ಬಗೆಯವುಗಳಲ್ಲಿ ‘ಫಾರ್ಮ್ಯಾಟ್’ ಮತ್ತು ‘ಸ್ಯಾನಿಟೈಸ್’ ಎಂಬ ಆದೇಶಗಳಿವೆ. ಕಂಪನಿ ದರ್ಜೆಯ ಅನೇಕ ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲೇ, ಅಂದರೆ ವಿಂಡೋಸ್‌ಗಿಂತ ಮೊದಲು ಏಳುವ ಮೂಲ ತಂತ್ರಾಂಶದಲ್ಲೇ, ಡಿಸ್ಕ್ ಒರೆಸುವ ಆಯ್ಕೆ ಇರುತ್ತದೆ. ಸ್ಯಾಮ್‌ಸಂಗ್, ಕ್ರೂಶಿಯಲ್‌ನಂಥ ತಯಾರಕರು ತಮ್ಮ ಡ್ರೈವ್‌ಗಳಿಗೆ ಪ್ರತ್ಯೇಕ ತಂತ್ರಾಂಶ ಕೊಡುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಸಂಶೋಧಕರು 2011ರಲ್ಲಿ ಪರೀಕ್ಷಿಸಿದಾಗ ಒಂದು ಡ್ರೈವ್ ‘ಅಳಿಸಿದ್ದಾಯಿತು’ ಎಂದು ಹೇಳಿಯೂ ಎಲ್ಲವನ್ನೂ ಹಾಗೇ ಇಟ್ಟುಕೊಂಡಿತ್ತು. ಆದ್ದರಿಂದ ಒರೆಸಿದ ಮೇಲೆ ರಿಕವರಿ ತಂತ್ರಾಂಶವೊಂದನ್ನು ಓಡಿಸಿ, ಏನೂ ಸಿಗುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳುವುದು ಒಳ್ಳೆಯದು.

ಡಿಸ್ಕ್ ಮೊದಲಿನಿಂದಲೂ ವಿಂಡೋಸ್‌ನ ಬಿಟ್‌ಲಾಕರ್‌ನಿಂದ ಗೂಢಲಿಪಿಯಾಗಿದ್ದರೆ ಕೀಲಿ ನಾಶವಾದರೆ ಸಾಕು, ಉಳಿದದ್ದನ್ನು ಯಾರೂ ಓದಲಾರರು. ಕೊಂಡ ಯಂತ್ರ ಹಚ್ಚಿದೊಡನೆ ನೀಲಿ ಪರದೆಯಲ್ಲಿ 48 ಅಂಕಿಯ ರಿಕವರಿ ಕೀ ಕೇಳಿದರೆ ಬಹಳ ಜನ ಯಂತ್ರವೇ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ಆ ಕೀಲಿ ಬೇಕಾಗುವುದು ಹಳೆಯ ಮಾಹಿತಿ ತೆರೆಯಲು. ನಿಮಗೆ ಬೇಕಾದದ್ದು ಅದನ್ನು ತೆಗೆದುಹಾಕುವುದು, ಅದಕ್ಕೆ ಕೀಲಿ ಬೇಕಿಲ್ಲ.

ಪೆನ್‌ಡ್ರೈವ್‌ನಿಂದ ಹೊಸ ವಿಂಡೋಸ್

ಬೇರೊಂದು ನಂಬಿಕಸ್ತ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್ ಇಳಿಸಿಕೊಂಡು 8 ಜಿಬಿ ಪೆನ್‌ಡ್ರೈವ್ ಸಿದ್ಧಮಾಡಿ. ಅದರಿಂದ ಬೂಟ್ ಮಾಡಿ, ಡಿಸ್ಕ್‌ನ ಎಲ್ಲ ಪಾರ್ಟಿಶನ್‌ಗಳನ್ನೂ ತೆಗೆದುಹಾಕಿ, ಖಾಲಿ ಜಾಗದಲ್ಲಿ ವಿಂಡೋಸ್ ಹಾಕಿ. ರಿಕವರಿ ಪಾರ್ಟಿಶನ್ ಇದೆಯಲ್ಲ ಎಂದು ಅದನ್ನು ಉಳಿಸಿಕೊಳ್ಳುವ ಆಸೆ ಬೇಡ, ಅದರೊಳಗೆ ಏನು ಸೇರಿದೆಯೋ ಗೊತ್ತಿಲ್ಲ. ಸೆಟ್ಟಿಂಗ್ಸ್‌ನಲ್ಲಿರುವ ‘ರೀಸೆಟ್’ ಆಯ್ಕೆ ಮಾರುವವರಿಗೆ ಅನುಕೂಲದ್ದು. ಅದರಲ್ಲೂ ‘ಕ್ಲೀನ್ ಡೇಟಾ’ ಎಂಬುದನ್ನು ಆನ್ ಮಾಡಿದಾಗ ಮಾತ್ರ. ಕೊಳ್ಳುವವರಿಗೆ ಪೆನ್‌ಡ್ರೈವ್ ದಾರಿಯೇ ಮೇಲು.

ಲೈಸೆನ್ಸ್ ಹೋಗುತ್ತದೆಂಬ ಹೆದರಿಕೆಯಿಂದ ಅನೇಕರು ಅಂಗಡಿಯವರು ಹಾಕಿಕೊಟ್ಟದ್ದನ್ನೇ ಇಟ್ಟುಕೊಳ್ಳುತ್ತಾರೆ. ವಿಂಡೋಸ್ 8ರ ಕಾಲದಿಂದ ದೊಡ್ಡ ತಯಾರಕರು ವಿಂಡೋಸ್ ಸಹಿತ ಮಾರಿದ ಯಂತ್ರಗಳಲ್ಲಿ ಕೀಲಿ ಮದರ್‌ಬೋರ್ಡ್‌ನಲ್ಲೇ ಅಡಗಿರುತ್ತದೆ. ಅದೇ ಆವೃತ್ತಿ ಹಾಕಿದರೆ ಇಂಟರ್‌ನೆಟ್ ಸಿಕ್ಕೊಡನೆ ಸಾಮಾನ್ಯವಾಗಿ ತಾನಾಗಿಯೇ ಆ್ಯಕ್ಟಿವೇಟ್ ಆಗುತ್ತದೆ. ಹೊಸ ವಿಂಡೋಸ್ ಒಪ್ಪದಷ್ಟು ಹಳೆಯ ಯಂತ್ರವಾದರೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಬಹುದು. ಎರಡರಲ್ಲೂ ಕನ್ನಡ ಟೈಪಿಂಗ್ ಚೆನ್ನಾಗಿ ನಡೆಯುತ್ತದೆ.

ಮ್ಯಾಕ್‌ಗಳಲ್ಲಿ 2021ರ ಮಾಂಟೆರೆಯಿಂದ ಈಚೆಗೆ ‘ಇರೇಸ್ ಆಲ್ ಕಂಟೆಂಟ್ ಆ್ಯಂಡ್ ಸೆಟ್ಟಿಂಗ್ಸ್’ ಎಂಬ ಆಯ್ಕೆ ಇದೆ. ಟಿ2 ಚಿಪ್ ಅಥವಾ ಆ್ಯಪಲ್‌ನ ಸ್ವಂತ ಚಿಪ್ ಇದ್ದರೆ ಕೆಲವೇ ನಿಮಿಷಗಳ ಕೆಲಸ.

ಫಾರ್ಮ್ಯಾಟ್‌ಗೆ ಜಗ್ಗದ ಬೀಗಗಳು

ಕೊಳ್ಳುವವರು ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲೇ. ಮೊದಲನೆಯದು ಬಯೋಸ್‌ನ ಸೂಪರ್‌ವೈಸರ್ ಪಾಸ್‌ವರ್ಡ್. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಸಿಆರ್2032 ಬಟನ್ ಸೆಲ್ ತೆಗೆದಿಟ್ಟರೆ ಅದು ಮರೆತುಹೋಗುತ್ತಿತ್ತು. ಥಿಂಕ್‌ಪ್ಯಾಡ್‌ನಂಥ ಲ್ಯಾಪ್‌ಟಾಪ್‌ಗಳಲ್ಲಿ ಪಾಸ್‌ವರ್ಡ್ ಪ್ರತ್ಯೇಕ ಚಿಪ್‌ನಲ್ಲಿ ಕೂತಿರುತ್ತದೆ, ಸೆಲ್ ತೆಗೆದರೂ ಹೋಗುವುದಿಲ್ಲ. ಕೊಳ್ಳುವ ಮೊದಲು ಯಂತ್ರ ಹಚ್ಚುತ್ತ ಎಫ್1, ಎಫ್2 ಅಥವಾ ಎಫ್10 ಒತ್ತಿ ಬಯೋಸ್ ಒಳಹೊಕ್ಕು ನೋಡಬೇಕು. ಪಾಸ್‌ವರ್ಡ್ ಕೇಳಿದರೆ ತೆಗೆಸಿಕೊಡಿ ಎನ್ನಿ, ಆಗದಿದ್ದರೆ ಬೇರೆ ಯಂತ್ರ ನೋಡಿ.

ಎರಡನೆಯದು ಕಂಪನಿಯ ನೋಂದಣಿ. ವಿಂಡೋಸ್ ಆಟೋಪೈಲಟ್‌ನಲ್ಲಿ ಯಂತ್ರದ ಹಾರ್ಡ್‌ವೇರ್ ಗುರುತು ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿ ಕಂಪನಿಯ ಹೆಸರಿಗೆ ಇರುತ್ತದೆ. ನೀವು ಎಷ್ಟು ಸಲ ವಿಂಡೋಸ್ ಹಾಕಿದರೂ, ಮೊದಲ ಬಾರಿ ಇಂಟರ್‌ನೆಟ್‌ಗೆ ಸೇರಿಸಿದಾಗ ‘ಇಂಥ ಕಂಪನಿಗೆ ಸ್ವಾಗತ’ ಎಂದು ಅಲ್ಲಿನ ಲಾಗಿನ್ ಕೇಳುತ್ತದೆ. ಇದನ್ನು ಬಿಡಿಸುವ ಅಧಿಕಾರ ಇರುವುದು ಆ ಕಂಪನಿಗೆ. ಆ್ಯಪಲ್‌ನ ಆ್ಯಕ್ಟಿವೇಶನ್ ಲಾಕ್ ಕೂಡ ಇಂಥದ್ದೇ, ಹಿಂದಿನ ಒಡೆಯ ತನ್ನ ಖಾತೆಯಿಂದ ಯಂತ್ರವನ್ನು ಬಿಡಿಸಬೇಕು. ಆದ್ದರಿಂದ ಅಂಗಡಿಯಲ್ಲೇ ರೀಸೆಟ್ ಮಾಡಿಸಿ, ನಿಮ್ಮ ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸಿ, ಮೊದಲ ಪರದೆಗಳನ್ನು ದಾಟಿ ನೋಡಿ. ಇಂಟರ್‌ನೆಟ್ ಇಲ್ಲದೆ ತೋರಿಸಿದ್ದನ್ನು ನಂಬಬೇಡಿ.

ಮೂರನೆಯದು ಕಂಪ್ಯೂಟ್ರೇಸ್ ಎಂದು ಹಿಂದೆ ಕರೆಸಿಕೊಳ್ಳುತ್ತಿದ್ದ ಅಬ್ಸೊಲ್ಯೂಟ್ ಸಂಸ್ಥೆಯ ಕಳವು ಪತ್ತೆ ವ್ಯವಸ್ಥೆ. ಬಯೋಸ್‌ನಲ್ಲೇ ನೆಲೆಯೂರಿರುವುದರಿಂದ ವಿಂಡೋಸ್ ಹೊಸದಾಗಿ ಹಾಕಿದಾಗಲೂ ಮತ್ತೆ ಬಂದು ಕೂರುತ್ತದೆ. ಇದರ ತಂತ್ರಾಂಶವನ್ನೇ ತಿದ್ದಿ ದಾಳಿಕೋರರು ಹೆಣೆದ ‘ಲೋಜಾಕ್ಸ್’ ಎಂಬ ಕುತಂತ್ರಾಂಶವನ್ನು ಇಸೆಟ್ ಸಂಸ್ಥೆ 2018ರಲ್ಲಿ ಬಯಲಿಗೆಳೆಯಿತು. ಅದು ಯಂತ್ರದ ಫರ್ಮ್‌ವೇರ್‌ನಲ್ಲೇ ಅಡಗಿ, ಡಿಸ್ಕ್ ಬದಲಿಸಿದರೂ ಉಳಿಯುತ್ತಿತ್ತು. ಮನೆಬಳಕೆಯ ಯಂತ್ರಕ್ಕೆ ಅಂಥದ್ದು ಅಂಟಿರುವ ಸಾಧ್ಯತೆ ತೀರ ಕಡಿಮೆ. ತಯಾರಕರ ತಾಣದಿಂದ ಹೊಸ ಬಯೋಸ್ ಹಾಕಿ, ಸೆಕ್ಯೂರ್ ಬೂಟ್ ಆನ್ ಮಾಡಿದರೆ ಸಾಕಷ್ಟು ನೆಮ್ಮದಿ.

ಮೈಮೇಲಿನ ಗುರುತು

ಕಂಪನಿಯ ಆಸ್ತಿ ಚೀಟಿಯ ಅಂಟು ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಸಡಿಲವಾಗುತ್ತದೆ. ಕೀಬೋರ್ಡ್‌ಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆ, ಪರದೆಗೆ ನೀರಿನಲ್ಲಿ ತುಸುವೇ ಒದ್ದೆಯಾದ ಮೆತ್ತನೆಯ ಬಟ್ಟೆ. ಎಲ್ಲವೂ ಯಂತ್ರ ಆಫ್ ಮಾಡಿ, ಚಾರ್ಜರ್ ಕಿತ್ತ ಮೇಲೆ. ಡಿವಿಡಿ ಡ್ರೈವ್, ಮೆಮೊರಿ ಕಾರ್ಡ್ ಕಿಂಡಿ, ಸಿಮ್ ಕಿಂಡಿಗಳಲ್ಲಿ ಏನಾದರೂ ಉಳಿದಿದೆಯೇ ನೋಡಿ.

ಕೆಲವು ಗುರುತುಗಳನ್ನು ಮಾತ್ರ ಮುಟ್ಟಬಾರದು. ತಳದ ಸೀರಿಯಲ್ ಸಂಖ್ಯೆ ಅಥವಾ ಸರ್ವಿಸ್ ಟ್ಯಾಗ್ ಬಿಡಿಭಾಗಕ್ಕೂ ದಾಖಲೆಗೂ ಬೇಕು. ಡಿಸ್ಕ್ ಎಷ್ಟು ಗಂಟೆ ಓಡಿದೆ ಎಂಬ ಲೆಕ್ಕ ಒರೆಸಿದ ಮೇಲೂ ಅದರೊಳಗೇ ಇರುತ್ತದೆ, ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ತಂತ್ರಾಂಶ ಅದನ್ನು ತೋರಿಸುತ್ತದೆ. ‘ಒಂದೇ ವರ್ಷ ಬಳಸಿದ್ದು’ ಎಂದು ಮಾರಿದ ಯಂತ್ರದ ಡಿಸ್ಕ್ 20,000 ಗಂಟೆ ಎಂದು ಹೇಳಿದರೆ ಡಿಸ್ಕ್‌ನ ಮಾತನ್ನೇ ನಂಬಿ, ವರ್ಷಕ್ಕಿರುವುದು 8,760 ಗಂಟೆ.

ಬಿಲ್ ಮತ್ತು ಕಾನೂನು

ಕದ್ದ ಕಂಪ್ಯೂಟರ್ ಎಂದು ತಿಳಿದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ, ಅಪ್ರಾಮಾಣಿಕವಾಗಿ ಅದನ್ನು ಪಡೆದು ಇಟ್ಟುಕೊಂಡರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಬಿ ಕಲಮಿನಡಿ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮಾರುವ ಸಂಸ್ಥೆಗಳಿಗೂ ಹೊಣೆ ಇದೆ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಉದ್ದೇಶ ತೀರಿದ ಮಾಹಿತಿಯನ್ನು ಅಳಿಸಬೇಕೆನ್ನುತ್ತದೆ, ರಕ್ಷಣೆಯಲ್ಲಿ ತಪ್ಪಿದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಕೊಡುತ್ತದೆ. ಕೊಳ್ಳುವಾಗ ಸೀರಿಯಲ್ ಸಂಖ್ಯೆ ಬರೆದ ಬಿಲ್ ಕೇಳಿ ಪಡೆಯಿರಿ. ಆಸ್ತಿ ಚೀಟಿ ಇದ್ದರೆ ಕೀಳುವ ಮುಂಚೆ ಅದರ ಫೋಟೋ ತೆಗೆದು ಬಿಲ್ ಜೊತೆಗಿಡಿ. ಮುಂದೆ ಆಟೋಪೈಲಟ್ ನೋಂದಣಿ ಎದುರಾದರೆ ಆ ಕಂಪನಿಗೆ ಬರೆಯುವಾಗ ಅವರ ಲೆಕ್ಕದಲ್ಲಿ ಈ ಯಂತ್ರದ ಸಂಖ್ಯೆ ಯಾವುದು ಎಂಬುದು ಆ ಚೀಟಿಯಿಂದಲೇ ತಿಳಿಯಬೇಕು.